ಮೂರು ನೀರಿನ ಉಪ್ಪು

12 ಫೆಬ್ರವರಿ 2007, ಸೋಮವಾರ

ಈ ಡೈರಿಯನ್ನು ಟೈರ್ ಅಂಗಡಿಯವರು ನನ್ನ ಗಂಡನಿಗೆ ಕೊಟ್ಟದ್ದು. ಪ್ರತಿ ಪುಟದ ತಲೆಯ ಮೇಲೂ ಒಂದು ಚಕ್ರದ ಚಿತ್ರವಿದೆ. ಅವರಿಗೂ ಬರವಣಿಗೆಗೂ ಎಣ್ಣೆ ಸೀಗೆಕಾಯಿ, ಹಾಗಾಗಿ ನನ್ನ ಪಾಲಿಗೆ ಬಂತು. ಮದುವೆಯಾಗಿ ಹನ್ನೊಂದು ದಿನ. ಈ ಮನೆಯಲ್ಲಿ ಬಾಯ್ತುಂಬ ಮಾತಾಡಲು ಯಾರೂ ಸಿಗುವುದಿಲ್ಲ ಎಂಬುದು ಅಷ್ಟರಲ್ಲೇ ಗೊತ್ತಾಗಿಹೋಗಿದೆ. ಇನ್ನು ಕಾಗದವೇ ಗತಿ.

ಮನೆ ಸಂಡೂರಿನ ಅಂಚಿನಲ್ಲಿದೆ, ಅದಿರು ಲಾರಿಗಳು ಹೊಸಪೇಟೆ ಕಡೆಗೆ ಹೋಗುವ ರಸ್ತೆಗೆ ಅಂಟಿಕೊಂಡು. ನಾಲ್ಕು ವರ್ಷದ ಹಿಂದೆ ಇವರದು ಶೇಂಗಾ ವ್ಯಾಪಾರ. ಈಗ ಭಾವ ಶಂಭುಲಿಂಗ ಮತ್ತು ನನ್ನ ಗಂಡ ಸಿದ್ದಲಿಂಗೇಶ್ ಇಬ್ಬರೂ ಲಾರಿ ಮಾಲೀಕರು. ಬೆಳಗ್ಗೆ ಹೊರಟರೆಂದರೆ ಅವರ ಊಟ ತಿಂಡಿಯೆಲ್ಲ ರಸ್ತೆ ಬದಿಯ ಖಾನಾವಳಿಗಳಲ್ಲೇ. ಮನೆಗೆ ಬರುವುದು ಮಲಗಲು ಮಾತ್ರ. ಲಾರಿ ಹೋದಂತೆಲ್ಲ ಧೂಳು ಏಳುತ್ತದೆ. ಬೇವಿನ ಮರ ಕೆಂಪು, ಬೀದಿನಾಯಿ ಕೆಂಪು, ಒಣಹಾಕಿದ ಬಿಳಿ ಪಂಚೆಯೂ ಕೆಂಪು. ಬೆಳಗ್ಗೆ ಹತ್ತು ಗಂಟೆಗೇ ಸಂಜೆಯ ಬೆಳಕು ಇರುತ್ತದೆ.

ಹಗಲು ಮನೆಯಲ್ಲಿ ನಾವು ಮೂರೇ ಜನ. ಅತ್ತೆ ಗಂಗಾಂಬಿಕಾ, ಭಾವನ ಹೆಂಡತಿ ಜಂಬಕ್ಕ, ನಾನು. ಮಧ್ಯಾಹ್ನ ಅಂಗಳಕ್ಕೆ ಹೋಗಿ ನೋಡಿದರೆ ಉರಿಬಿಸಿಲಲ್ಲಿ ಅತ್ತೆ, ಜಂಬಕ್ಕ ಇಬ್ಬರೂ ಶಾಲು ಹೊದ್ದು ಗೋಡೆಗೆ ಆತು ಕೂತಿದ್ದರು. ಇಬ್ಬರದೂ ಒಂದೇ ತರಹದ ಮುಖ, ಊದಿದ ಕೆನ್ನೆ, ಹುಬ್ಬಿನ ಹೊರತುದಿ ಬೋಳು. ಅತ್ತೆ ಸೊಸೆ ರಕ್ತಸಂಬಂಧಿಗಳೂ ಅಲ್ಲ. “ಅಕ್ಕಾ, ಚಾ ಮಾಡ್ಲೇನ್ರಿ?” ಎಂದು ಕೇಳಿದೆ. ಜಂಬಕ್ಕ ನನ್ನನ್ನೇ ನೋಡುತ್ತಿದ್ದಳು. ನಾನು ಒಳಗೆ ಹೋಗಿ ಚಾ ಕುದಿಸಿ ಸೋಸಿದ ಮೇಲೆ ಅಂಗಳದಿಂದ ಗಂಡಸಿನದೋ ಹೆಂಗಸಿನದೋ ತಿಳಿಯದ ದಪ್ಪ ದನಿ ಬಂತು: “ಮಾಡವ್ವಾ.”

ಗೋಡೆಯ ಮೇಲೆ ಜಂಬಕ್ಕನ ಮದುವೆಯ ಫೋಟೊ ಇದೆ. ಅದರಲ್ಲಿರುವ ಹುಡುಗಿಗೆ ದಟ್ಟ ಹುಬ್ಬು, ನಗು ತಡೆಯಲಾಗದ ಬಾಯಿ. ಐದು ವರ್ಷದ ಹಿಂದಿನದು. ಇವಳೇ ಅವಳು ಎಂದು ಹೇಳಲು ಯಾರಾದರೂ ಸಾಕ್ಷಿ ಬೇಕು.

ಸಾಕ್ಷಿ ಹೇಳಿದವಳು ಪಕ್ಕದ ಮನೆಯ ಪಕೀರಮ್ಮ. “ಜಂಬಕ್ಕ ಹಾಡಿದ್ರ ಓಣಿ ಮಂದಿ ಕೆಲ್ಸ ಬಿಟ್ಟು ನಿಲ್ತಿದ್ರು. ಆಮ್ಯಾಲ ಹೊಟ್ಟ್ಯಾಗಿನವು ಎರಡು ಹೋದ್ವು. ಒಂದು ಐದನೇ ತಿಂಗ್ಳಾಗ, ಒಂದು ಏಳ್ರಾಗ. ಅತ್ತಿಲ್ಲ, ಕರ್ದಿಲ್ಲ, ಕಲ್ಲು ಕುಂತಂಗ ಕುಂತ್ಲು. ಆ ಮನಿ ಹೆಣ್ಮಕ್ಕಳ್ನ ಹಿಡಿತೈತಿ ನೋಡವ್ವಾ. ನೀನು ಹುಷಾರು.”

ನಾನು ಕಂಪ್ಲಿಯಲ್ಲಿ ಮೂರು ವರ್ಷ ಒಂಬತ್ತನೇ ಕ್ಲಾಸಿಗೆ ವಿಜ್ಞಾನ ಹೇಳಿಕೊಟ್ಟವಳು. ಮನೆ ಹಿಡಿಯುವುದೆಂದರೆ ನಗು ಬರುತ್ತದೆ. ಆದರೂ ಬರೆದಿಡುತ್ತೇನೆ: ನಾನು ಇವರಂತೆ ಆಗಲಾರೆ.

21 ಫೆಬ್ರವರಿ, ಬುಧವಾರ

ಇವತ್ತು ಉಪ್ಪು ತೊಳೆದೆವು. ಅಕ್ಕಿ ತೊಳೆಯುವುದು ಗೊತ್ತು, ಬೇಳೆ ತೊಳೆಯುವುದು ಗೊತ್ತು. ಉಪ್ಪು ತೊಳೆಯುವ ಮನೆಗೆ ಸೊಸೆಯಾಗಿ ಬಂದದ್ದು ನನ್ನ ಭಾಗ್ಯ.

ವರ್ಷಕ್ಕಾಗುವಷ್ಟು ಹರಳುಪ್ಪಿನ ಮೂಟೆ ಅಟ್ಟದ ಮೇಲಿದೆ. ಚೀಲದ ನೇಯ್ಗೆಯ ಸಂದಿನಲ್ಲಿ ಧೂಳು ಹೊಕ್ಕು ಮೇಲಿನ ಹರಳೆಲ್ಲ ಇಟ್ಟಿಗೆ ಬಣ್ಣಕ್ಕೆ ತಿರುಗಿದೆ. ಅತ್ತೆ ಎರಡು ಸೇರಿನಷ್ಟು ಬಿದಿರು ಬುಟ್ಟಿಗೆ ಸುರಿದು, ನೀರು ಹಾಕಿ, ಸರಸರ ಅಲ್ಲಾಡಿಸಿ ಬಸಿದರು. ಇಳಿದ ನೀರು ಕುಂಕುಮ ಕದಡಿದಂತಿತ್ತು. ಇನ್ನೊಂದು ನೀರು ಹಾಕಿದರು. ಆಮೇಲೆ ಬಟ್ಟೆಯ ಮೇಲೆ ಹರವಿ ಒಣಗಿಸಿ, ಕಾದ ಹಂಚಿನಲ್ಲಿ ಹುರಿದು ಭರಣಿಗೆ ತುಂಬುವುದು. ಲಾರಿ ಓಡಲು ಶುರುವಾದ ವರ್ಷದಿಂದ ಇದೇ ಪದ್ಧತಿಯಂತೆ.

“ಈ ಓಣ್ಯಾಗ ಯಾರೂ ತೊಳೆಯಂಗಿಲ್ಲ. ಎಲ್ಲಾರೂ ಮಣ್ಣು ತಿಂತಾರ. ನನ್ನ ಮನ್ಯಾಗ ಆ ಮಣ್ಣು ಹೊಟ್ಟಿಗೆ ಹೋಗಬಾರ್ದು,” ಎಂದರು. ಅವರ ಬಾಯಿಂದ ನಾನು ಕೇಳಿದ ಅತಿ ಉದ್ದದ ಮಾತು ಅದು.

ಎರಡನೆಯ ನೀರಿನಲ್ಲೂ ಕೆಂಪು ಇತ್ತು. “ಅತ್ತೀ, ಇನ್ನೊಂದು ನೀರು ಹಾಕೋಣ್ರಿ. ಬಿಸಿ ನೀರು. ಪೂರಾ ಬಿಡ್ತದ,” ಎಂದೆ. ಹಾಕಿದೆವು. ಹರಳು ಒಂದಿಷ್ಟು ಕರಗಿ ಹೋದರೂ ಉಳಿದದ್ದು ಹಾಲಿನಂತೆ ಬೆಳ್ಳಗಾಯಿತು. ಅತ್ತೆ ಬಹಳ ಹೊತ್ತು ನನ್ನನ್ನೇ ನೋಡಿ, “ಓದಿದಾಕಿ,” ಎಂದು ನನ್ನ ತಲೆಯ ಮೇಲೆ ಕೈ ಇಟ್ಟರು. ಈ ಮನೆಗೆ ಬಂದಮೇಲೆ ಮೊದಲ ಸಲ ನನಗೆ ಖುಷಿಯಾಯಿತು. ಅಳುವಷ್ಟು ಖುಷಿಯಾಯಿತು.

9 ಮಾರ್ಚ್, ಶುಕ್ರವಾರ

ಟ್ರಂಕಿನಲ್ಲಿ ಶಾಲೆಯ ಚಾರ್ಟು ಸಿಕ್ಕಿತು, ನನ್ನ ಕೈಬರಹದ್ದೇ. ‘ಆರೋಗ್ಯವಂತ ವಯಸ್ಕ ಮಹಿಳೆಗೆ ದಿನಕ್ಕೆ ಅಯೋಡಿನ್: 150 ಮೈಕ್ರೋಗ್ರಾಂ. ಗರ್ಭಿಣಿಗೆ: 250.’ ಹುಡುಗಿಯರಿಗೆ ಇದನ್ನು ಹೇಳುವಾಗ ಒಂದು ಚಮಚ ಹಿಡಿದು ತೋರಿಸುತ್ತಿದ್ದೆ. ಎಪ್ಪತ್ತು ವರ್ಷ ಬದುಕುವ ಹೆಂಗಸಿಗೆ ಜೀವಮಾನಕ್ಕೆಲ್ಲ ಬೇಕಾಗುವ ಅಯೋಡಿನ್ ಒಂದು ಚಮಚವೂ ತುಂಬುವುದಿಲ್ಲ. ಆದರೆ ಅದನ್ನು ಒಮ್ಮೆಗೇ ತಿಂದು ಮುಗಿಸುವಂತಿಲ್ಲ, ದಿನಾ ಇಷ್ಟಿಷ್ಟೇ ಸಿಗಬೇಕು. ನಮ್ಮ ಕಡೆ ಸಮುದ್ರವೂ ಇಲ್ಲ, ಸಮುದ್ರದ ಮೀನೂ ಇಲ್ಲ, ಉಪ್ಪಿನಲ್ಲಿ ಬಂದರೆ ಬಂತು. ‘ಚಮಚಾ ಟೀಚರ್’ ಎಂದು ನನ್ನ ಬೆನ್ನ ಹಿಂದೆ ಕರೆಯುತ್ತಿದ್ದರು, ಕಪಿಗಳು.

ಸುಮ್ಮನೆ ಅಟ್ಟ ಹತ್ತಿ ಮೂಟೆ ನೋಡಿ ಬಂದೆ. ಅಯೋಡಿನ್ ಸೇರಿಸಿದ ಉಪ್ಪು ಎಂದೇ ಅಚ್ಚಾಗಿದೆ. ನಮ್ಮ ಮನೆಯಲ್ಲಿ ಒಳ್ಳೆಯ ಉಪ್ಪೇ ಇದೆ. ನಿಶ್ಚಿಂತೆ.

30 ಏಪ್ರಿಲ್, ಸೋಮವಾರ

ಹೊರಗೆ ಬೆಂಕಿಯಂಥ ಬಿಸಿಲು, ಪಕೀರಮ್ಮ ಒದ್ದೆ ಟವೆಲ್ ತಲೆಗೆ ಸುತ್ತಿಕೊಂಡು ಓಡಾಡುತ್ತಿದ್ದಾಳೆ. ನಮ್ಮ ಮನೆ ಮಾತ್ರ ತಂಪು. ಹಳೆಯ ಕಾಲದ ದಪ್ಪ ಗೋಡೆ. ಫ್ಯಾನ್ ಹಾಕಿದರೆ ನನಗೆ ಕಾಲು ಕೊರೆಯುತ್ತದೆ. ಇವರು ಹಾಕುತ್ತಾರೆ, ನಾನು ಆರಿಸುತ್ತೇನೆ, ನಿನ್ನೆ ಅದೇ ಒಂದು ಸಣ್ಣ ಜಗಳ. “ಲೇ, ನಿನಗೇನು ಜ್ವರಾನಾ?” ಎಂದು ಹಣೆ ಮುಟ್ಟಿ ನೋಡಿ ಕೈ ಹಿಂದಕ್ಕೆ ಎಳೆದುಕೊಂಡರು. “ಐಸ್ ಆಗೀಯಲ್ಲೇ.”

ಬಾಚಣಿಗೆಯಲ್ಲಿ ಕೂದಲು ಬರುತ್ತಿದೆ. ಇಲ್ಲಿಯ ನೀರು ಆಗುತ್ತಿಲ್ಲ.

ಜಂಬಕ್ಕನ ಹತ್ತಿರ ಕೂರಲು ಈಗ ಮೊದಲಿನಷ್ಟು ಹೆದರಿಕೆಯಿಲ್ಲ. ಆಕೆ ಮಾತಾಡುವುದಿಲ್ಲ, ಮಾತಾಡಿಸುವುದೂ ಇಲ್ಲ. ಅದರಲ್ಲೂ ಒಂದು ಸುಖವಿದೆ.

3 ಜೂನ್, ಭಾನುವಾರ

ಮಧ್ಯಾಹ್ನ ನಾನೂ ಅಂಗಳದಲ್ಲಿ ಕೂತೆ. ಅತ್ತೆ ತಮ್ಮ ಶಾಲಿನ ಅರ್ಧ ನನಗೆ ಹೊದಿಸಿದರು. ಬಿಸಿಲು ಹಿತವಾಗಿತ್ತು.

ಪಕೀರಮ್ಮ ಮಜ್ಜಿಗೆ ಕೇಳಲು ಬಂದವಳು ಬಾಗಿಲಲ್ಲೇ ನಿಂತಳು. ನಮ್ಮನ್ನು ನೋಡಿದಳು, ಒಬ್ಬೊಬ್ಬರನ್ನೇ. ಮಜ್ಜಿಗೆ ಕೇಳದೆ ಹೊರಟುಹೋದಳು. ವಿಚಿತ್ರದ ಹೆಂಗಸು.

12 ಜುಲೈ, ಗುರುವಾರ

ತಾಳಿ ಸರ ಕುತ್ತಿಗೆಗೆ ಬಿಗಿಯುತ್ತಿದೆ. ಅತ್ತೆಯ ಕೈಯಡುಗೆ ಉಂಡು ಮೈ ಬಂದಿರಬೇಕು. ಬಳೆಯೂ ಬಿಗಿ. ಪತ್ತಾರ ಎರ್ರಿಯಪ್ಪ ಮನೆಗೇ ಬಂದ, ಸಣ್ಣ ಊದುಗೊಳವೆ, ಇಕ್ಕುಳ ಹಿಡಿದುಕೊಂಡು. ಸರಕ್ಕೆ ನಾಲ್ಕು ಕೊಂಡಿ ಸೇರಿಸಿದ.

ಕೆಲಸ ಮಾಡುತ್ತ ಅವನು ಹೇಳಿದ್ದು: “ದೊಡ್ಡಮ್ಮಾರ ಸರ ಎರಡು ಸಲ ಬೆಳೆಸೀನಿ. ಜಂಬಕ್ಕಾರದು ಮೂರು ಸಲ. ಈಗ ನಿಮ್ಮದು. ಊರಾಗ ಎಲ್ಲಾರ ಮನ್ಯಾಗ ಸರ ತುಂಡಾದ್ರ ಕರೀತಾರ, ನಿಮ್ಮ ಮನ್ಯಾಗ ಸಾಲದಂತ ಕರೀತೀರಿ.” ನಕ್ಕ. ನನ್ನ ಕುತ್ತಿಗೆಯನ್ನು ನೋಡಿ ನಗು ನಿಲ್ಲಿಸಿದ.

ಅವನು ಹೋದಮೇಲೆ ಕನ್ನಡಿ ನೋಡಿಕೊಂಡೆ. ಏನೂ ಇಲ್ಲ. ಕುತ್ತಿಗೆ ಸ್ವಲ್ಪ ತುಂಬಿಕೊಂಡಿದೆ, ಚೆನ್ನಾಗಿಯೇ ಕಾಣುತ್ತದೆ.

2 ಆಗಸ್ಟ್, ಗುರುವಾರ

ಗೋಡೆ ಗಡಿಯಾರ ಕೆಟ್ಟಿದೆ, ಜೋರಾಗಿ ಓಡುತ್ತಿದೆ. ಎಂಟಕ್ಕೆ ರೊಟ್ಟಿ ಬಡಿಯಲು ಕೂತೆ. ಆರು ರೊಟ್ಟಿ ಆಗುವಷ್ಟರಲ್ಲಿ ಹನ್ನೊಂದು ತೋರಿಸಿತು. ಇವರಿಗೆ ಹೇಳಿದೆ. ತಮ್ಮ ಮೊಬೈಲು ನೋಡಿ “ಟೈಮ್ ಸರಿ ಐತಲ್ಲ” ಎಂದರು. ಮೊಬೈಲೂ ಕೆಟ್ಟಿರಬೇಕು.

ಎಲ್ಲರೂ ಈಗ ಬಹಳ ವೇಗವಾಗಿ ಮಾತಾಡುತ್ತಾರೆ. ಅತ್ತೆ, ಜಂಬಕ್ಕ ಇಬ್ಬರ ಮಾತು ಮಾತ್ರ ನನಗೆ ಸರಿಯಾಗಿ ಕೇಳುತ್ತದೆ.

19 ಆಗಸ್ಟ್, ಭಾನುವಾರ

ಬಸುರಿ ಎಂದು ಗೊತ್ತಾಯಿತು. ಇವರು ಖುಷಿಯಲ್ಲಿ ಎರಡು ಮೆಟ್ಟಿಲು ಒಂದೇ ಸಲ ಹಾರಿ ಹೊರಗೆ ಓಡಿದರು. ಭಾವ ಕಣ್ಣೊರೆಸಿಕೊಂಡರು. ನನಗೂ ಸಂತೋಷವಾಗಿದೆ, ಆಗಿರಲೇಬೇಕು.

ಅತ್ತೆಗೆ ಮಾತ್ರ ಭಯ ಹೊಕ್ಕಿದೆ. “ಹೊರಗಿಂದು ಒಂದು ತುತ್ತೂ ಬ್ಯಾಡ. ಹೋಟೆಲಿಂದು ಬ್ಯಾಡ, ಪಕೀರಮ್ಮನ ಮನಿದು ಬ್ಯಾಡ. ನಿನ್ನ ಉಪ್ಪು ನಾನೇ ಬ್ಯಾರೆ ತೊಳೀತೀನಿ, ನಾಕು ನೀರು. ಜಂಬಕ್ಕನ್ನ ಕಾಯ್ಲಿಕ್ಕಾಗಲಿಲ್ಲ. ನಿನ್ನ ಕಾಯ್ತೀನಿ,” ಎಂದರು.

ಜಂಬಕ್ಕ ಹೊಸಿಲಲ್ಲಿ ನಿಂತು ನನ್ನ ಹೊಟ್ಟೆಯನ್ನು ನೋಡುತ್ತಿದ್ದಳು. ರೆಪ್ಪೆ ಬಡಿದದ್ದು ನನಗೆ ಕಾಣಲಿಲ್ಲ.

9 ಸೆಪ್ಟೆಂಬರ್, ಭಾನುವಾರ

ಕಂಪ್ಲಿಯಿಂದ ಅವ್ವ ಫೋನ್ ಮಾಡಿದ್ದಳು. ನಾನೇ ಎತ್ತಿ “ಹಲೋ” ಎಂದೆ.

“ಬೀಗ್ರೇ, ಆರಾಮದೀರೇನ್ರಿ? ಸೌಜನ್ಯಾಗ ಫೋನ್ ಕೊಡ್ರಿ ಸ್ವಲ್ಪ,” ಎಂದಳು.

“ನಾನೇ ಅವ್ವಾ.”

“ಬೀಗ್ರೇ, ಚ್ಯಾಷ್ಟಿ ಬ್ಯಾಡ್ರಿ. ಆಕಿಗೆ ಕೊಡ್ರಿ.”

“ನಾನೇ ಸೌಜನ್ಯ.”

ಅವ್ವ ಅಳುತ್ತ ಏನೇನೋ ಹೇಳಿದಳು, ಬಲು ವೇಗವಾಗಿ. ಲೈನ್ ಸರಿ ಇರಲಿಲ್ಲ.

24 ಸೆಪ್ಟೆಂಬರ್

ಬಿಸಿಲು. ಮೂವರೂ ಕೂತೆವು.

6 ಅಕ್ಟೋಬರ್

ಕೂತೆವು.

22 ಅಕ್ಟೋಬರ್, ಸೋಮವಾರ

ನರ್ಸು ಹೊಳೆಮ್ಮ ಬಂದಿದ್ದಳು. ಮನೆಮನೆ ಉಪ್ಪು ನೋಡುತ್ತಾರಂತೆ. ಸಣ್ಣ ಬಾಟಲಿ ಇತ್ತು. ನಮ್ಮ ಭರಣಿಯ ಉಪ್ಪು ತಟ್ಟೆಗೆ ಹಾಕಿ ಒಂದು ಹನಿ ಬಿಟ್ಟಳು. ಏನೂ ಆಗಲಿಲ್ಲ. ಇನ್ನೊಂದು ಹನಿ ಬಿಟ್ಟಳು. ಬೆಳ್ಳಗೇ ಇತ್ತು. ಅಯೋಡಿನ್ ಇದ್ದರೆ ನೇರಳೆ ಆಗುತ್ತದಂತೆ.

“ಯಾವ ಅಂಗಡಿ ಉಪ್ಪು ಇದು?” ಎಂದಳು. ಅಟ್ಟ ತೋರಿಸಿದೆ. ಅವಳೇ ಹತ್ತಿ ಮೂಟೆಯ ನಡುವಿನಿಂದ ಹಿಡಿಯಷ್ಟು ತಂದಳು. ಹನಿ ಬಿಟ್ಟಳು. ನೇರಳೆ ಆಯಿತು. ಚೆಂದದ ಬಣ್ಣ.

“ಅದೇ ಉಪ್ಪು, ಅಲ್ಲಿ ಐತಿ, ಇಲ್ಲಿಲ್ಲ. ನಡುವ ಏನು ಮಾಡಿದ್ರಿ?”

ಮೂರು ನೀರಿನಲ್ಲಿ ತೊಳೆದು ಹುರಿಯುತ್ತೇವೆ ಎಂದು ಹೇಳಿದೆ. ನನ್ನದಕ್ಕೆ ನಾಲ್ಕು ನೀರು ಎಂದೂ ಹೇಳಿದೆ. ಹೊಳೆಮ್ಮ ಮೂವರ ಕುತ್ತಿಗೆಯನ್ನೂ ಒಂದಾದ ಮೇಲೊಂದು ಮುಟ್ಟಿ ನೋಡಿದಳು.

“ಅಮ್ಮಾರೇ, ನೀವು ಟೀಚರ್ ಇದ್ರಂತ. ದಿನಕ್ಕ ಎಷ್ಟು ಬೇಕಂತ ನಿಮಗ ಗೊತ್ತಿರಬೇಕಲ್ರಿ?”

ಹದಿನೈದು ಎಂದೆನೋ ಏನೋ. ನೆನಪಿಲ್ಲ.

26 ಅಕ್ಟೋಬರ್, ಶುಕ್ರವಾರ

ಉಪ್ಪಿನ ಹರಳಿನ ಮೇಲೆ ಅಯೋಡಿನ್ ಸಿಂಪಡಿಸಿರುತ್ತಾರೆ. ಅದು ಹರಳಿನ ಮೈಮೇಲೆಯೇ ಇರುತ್ತದೆ. ತೊಳೆದರೆ ನೀರಿನ ಜೊತೆ ಹೋಗುತ್ತದೆ.

ಇಷ್ಟು ಅರ್ಥವಾಗಲು ನನಗೆ ನಾಲ್ಕು ದಿನ ಬೇಕಾಯಿತು. ಮೂರನೆಯ ನೀರು ನನ್ನದು. ಬಿಸಿ ನೀರು ನನ್ನದು.

ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದೇನೆ. ಹೆದರಬೇಕು. ಹೆದರಿಕೆ ಎಲ್ಲೋ ದೂರ ಇದೆ, ಬರುತ್ತಿಲ್ಲ.

30 ಅಕ್ಟೋಬರ್, ಮಂಗಳವಾರ

ಅವ್ವ ಕಂಪ್ಲಿಯಿಂದ ಬಂದಳು. ಬಾಗಿಲಲ್ಲಿ ನಿಂತು ಜಂಬಕ್ಕನನ್ನು “ಸೌಜನ್ಯಾ” ಎಂದು ತಬ್ಬಿಕೊಳ್ಳಲು ಹೋದಳು. ಆಮೇಲೆ ನನ್ನನ್ನು ನೋಡಿದಳು.

ಇವರಿಗೆ ಹೊಳೆಮ್ಮ ಫೋನಿನಲ್ಲಿ ಬೈದಿದ್ದಳಂತೆ. ನಮ್ಮ ಮೂವರನ್ನೂ ಜೀಪಿನಲ್ಲಿ ಹೊಸಪೇಟೆಗೆ ಕರೆದುಕೊಂಡು ಹೋದರು. ರಕ್ತ ಪರೀಕ್ಷೆ ಆಯಿತು. ಡಾಕ್ಟರು ವಯಸ್ಸಾದವರು, ನಿಧಾನ ಮಾತಾಡುತ್ತಿದ್ದರು, ಹಾಗಾಗಿ ಎಲ್ಲ ಕೇಳಿಸಿತು.

“ಗಂಡಸ್ರು ಮನ್ಯಾಗ ಉಣ್ಣಂಗಿಲ್ಲ, ಅದಕ್ಕ ಅವರು ಚಲೋ ಅದಾರ. ಮೂವರ ಥೈರಾಯ್ಡೂ ಸೋತದ. ಅಯೋಡಿನ್ ಇಲ್ಲಂದ್ರ ಅದು ಏನು ಕೆಲ್ಸ ಮಾಡಬೇಕು? ಮೈ ತಣ್ಣಗಾಗ್ತದ, ದನಿ ಒಡೀತದ, ಮನಸ್ಸು ಮಂಕಾಗ್ತದ. ಬಸುರಿಗೆ ಎಲ್ಲಾರಿಗಿಂತ ಜಾಸ್ತಿ ಬೇಕು, ನಿಮಗ ಎಲ್ಲಾರಿಗಿಂತ ಕಮ್ಮಿ ಸಿಕ್ಕದ.” ಗುಳಿಗೆ ಬರೆದರು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ದಿನಾ. ಉಪ್ಪು ತೊಳೆಯದೆ ಹಾಗೆಯೇ ಬಳಸಬೇಕು, ಮುಚ್ಚಿಡಬೇಕು.

ಅವ್ವ ಕೇಳಿದಳು, “ಕೂಸು?”

“ನಾಕು ತಿಂಗಳು ಆಗೇತಿ. ಇವತ್ತಿಂದ ಸುರು ಮಾಡೋಣ. ಖಾತ್ರಿ ಹೇಳಾಂಗಿಲ್ಲ.”

ಅತ್ತೆ ಹಿಂದಿನಿಂದ, ತುಂಬ ಹೊತ್ತಿನ ಮೇಲೆ, ಇನ್ನೊಂದು ಪ್ರಶ್ನೆ ಕೇಳಿದರು. “ಜಂಬಕ್ಕಂದು ಎರಡು ಹೋದ್ವಲ್ರಿ. ಅವೂ?”

“ಇದರಿಂದಲೇ ಅಂತ ಹೇಳಕ್ಕಾಗಲ್ಲಮ್ಮಾ. ಅಲ್ಲ ಅಂತಾನೂ ಹೇಳಕ್ಕಾಗಲ್ಲ.”

ಜಂಬಕ್ಕ ಕಿಟಕಿಯ ಹೊರಗೆ ಬಸ್ಸು ನೋಡುತ್ತಿದ್ದಳು.

5 ನವೆಂಬರ್, ಸೋಮವಾರ

ಅತ್ತೆ ಭರಣಿಯ ಉಪ್ಪನ್ನೆಲ್ಲ ಹಿತ್ತಿಲಿಗೆ ಸುರಿದರು. ಬಿದಿರು ಬುಟ್ಟಿಯನ್ನು ಒಲೆಗೆ ಇಟ್ಟರು. ಮೂಟೆಯನ್ನು ಭಾವನ ಕೈಲಿ ಇಳಿಸಿ, ಮೇಲಿನ ಕೆಂಪು ಪದರ ತೆಗೆದು ಉಳಿದದ್ದನ್ನು ಡಬ್ಬಿಗೆ ತುಂಬಿಸಿದರು.

ನನಗೂ ಜಂಬಕ್ಕನಿಗೂ ಗುಳಿಗೆ ಅವರೇ ಕೈಗೆ ಕೊಡುತ್ತಾರೆ. ತಾವು ಮಾತ್ರ ತೆಗೆದುಕೊಳ್ಳುವುದಿಲ್ಲ. “ನನಗ ಬ್ಯಾಡ. ನಾ ಹಿಂಗೇ ಇರ್ತೀನಿ,” ಎಂದರು.

ಆಮೇಲೆ ನನ್ನನ್ನು ಅಡುಗೆಮನೆಗೆ ಕರೆದು, “ಜಂಬಕ್ಕಗ ಹೇಳಬ್ಯಾಡ. ಡಾಕ್ಟರ್ ಅಂದದ್ದು ಆಕಿ ತಲಿಗೆ ಹೋಗಿಲ್ಲ. ಹೋಗೋದೂ ಬ್ಯಾಡ,” ಎಂದರು. ಆಗಲಿ ಎಂದೆ. ಮೂರನೆಯ ನೀರು ಹಾಕಿದವಳಿಗೆ ಬೇರೆ ಏನು ಹೇಳುವ ಬಾಯಿದೆ?

12 ಡಿಸೆಂಬರ್, ಬುಧವಾರ

ಬಹಳ ದಿನದ ಮೇಲೆ ಬರೆಯುತ್ತಿದ್ದೇನೆ, ಬೇಕಾದಷ್ಟು ಬರೆಯುತ್ತೇನೆ. ಮೊನ್ನೆ ಬೆಳಗ್ಗೆ ಹೊಟ್ಟೆಯೊಳಗೆ ಒದೆ ಬಿತ್ತು. ಸಣ್ಣದಲ್ಲ, ಇವರ ಮನೆತನದ ಒದೆ, ಲಾರಿ ಬಾಗಿಲು ಮುಚ್ಚಿದ ಹಾಗೆ. ಐದನೇ ತಿಂಗಳು ದಾಟಿತು. ಅದೇ ಕ್ಷಣಕ್ಕೆ, ಎಲ್ಲೋ ದೂರ ನಿಂತಿದ್ದ ಆ ಹೆದರಿಕೆ ಓಡಿ ಬಂದು ಮೈಮೇಲೆ ಬಿತ್ತು. ಎರಡು ದಿನ ಗಡಗಡ ನಡುಗಿದೆ. ಅವ್ವನಿಗೆ ಫೋನ್ ಮಾಡಿ ಅತ್ತುಬಿಟ್ಟೆ. “ಈಗ ನನ್ನ ಮಗಳು ಮಾತಾಡಕತ್ತಾಳ ನೋಡು,” ಎಂದು ಅವಳೂ ಅತ್ತಳು.

ಡೈರಿಯ ಹಿಂದಿನ ಪುಟ ತಿರುವಿದೆ. ‘ಗಡಿಯಾರ ಕೆಟ್ಟಿದೆ’ ಎಂದು ಬರೆದವಳು ಯಾರು? ಅಕ್ಷರ ನನ್ನದೇ. ಆ ಮೂರು ತಿಂಗಳು ನನ್ನ ಗಂಡ ಯಾರ ಪಕ್ಕ ಮಲಗುತ್ತಿದ್ದರೋ, ಪಾಪ.

ಜಂಬಕ್ಕನದು ಬೇರೆ ಕಥೆ. ಮೊದಲು ಕರೆದರೆ ತಿರುಗಲು ಹೊತ್ತು ಹಿಡಿಯುತ್ತಿತ್ತು. ಈಗ ಕರೆಯುವ ಮೊದಲೇ ತಿರುಗುತ್ತಾಳೆ. ನಿನ್ನೆ ಅವಳು ಮದುವೆಯ ಫೋಟೊ ಗೋಡೆಯಿಂದ ಇಳಿಸಿ ಮಡಿಲಲ್ಲಿಟ್ಟುಕೊಂಡು ಒರೆಸುತ್ತಿದ್ದಳು. ಇವತ್ತು ಮಧ್ಯಾಹ್ನ ಖಾಲಿ ಕೋಣೆಯಿಂದ ಗುನುಗುವ ಸದ್ದು ಬಂತು. ಹೋಗಿ ನೋಡಿದರೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ಬಾಯಿ ಮುಚ್ಚಿತ್ತು. ಸದ್ದು ಗಂಟಲಿನಿಂದ ಬರುತ್ತಿತ್ತು, ಅವಳಿಗೇ ಗೊತ್ತಿಲ್ಲದೆ. ಸತ್ತವರು ಎದ್ದು ಬರುವುದನ್ನು ಕೇಳಿದ್ದೇನೆ, ಬದುಕಿದ್ದವರು ಹಾಗೆ ಬರುವುದನ್ನು ನೋಡಿದ್ದು ಇದೇ ಮೊದಲು.

ಅಂಗಳದ ಬಿಸಿಲಿಗೆ ಈಗ ಅತ್ತೆ ಒಬ್ಬರೇ ಕೂರುತ್ತಾರೆ.

27 ಜನವರಿ 2008, ಭಾನುವಾರ

ಹಳೆಯ ಡೈರಿಯ ಕೊನೆಯ ಖಾಲಿ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ನನಗೆ ಏಳು ತಿಂಗಳು. ಈ ತಿಂಗಳ ಭಯವನ್ನು ಬಾಯಿಬಿಟ್ಟು ಯಾರೂ ಹೇಳುವುದಿಲ್ಲ, ಮನೆಯ ತುಂಬ ಅದೇ ಇದೆ.

ಮಧ್ಯಾಹ್ನ ನಾನೂ ಜಂಬಕ್ಕನೂ ನಡುಮನೆಯಲ್ಲಿ ತೊಗರಿಬೇಳೆ ಆರಿಸುತ್ತಿದ್ದೆವು. ಅತ್ತೆ ಅಂಗಳದ ಬಾಗಿಲಲ್ಲಿ ಶಾಲು ಹೊದ್ದು ಕೂತಿದ್ದರು. ಕೂಸು ಒದೆಯಿತು. ನಾನು ಜಂಬಕ್ಕನ ಕೈ ಹಿಡಿದು ಹೊಟ್ಟೆಯ ಮೇಲಿಟ್ಟೆ. ಅವಳು ಕೈ ತೆಗೆಯಲಿಲ್ಲ. ಕೂಸು ಮತ್ತೆ ಒದೆಯಿತು.

“ನಂದು ಏಳ್ರಾಗ ಹಿಂಗೇ ಒದೀತಿತ್ತು,” ಎಂದಳು. ಆ ದನಿ ನಾನು ಕೇಳಿರಲಿಲ್ಲ, ತೆಳ್ಳಗೆ, ಸ್ಪಷ್ಟವಾಗಿ. “ಒಂದಿನ ಒದೀಲಿಲ್ಲ.”

ಅವಳು ಕೈ ಅಲ್ಲೇ ಇಟ್ಟುಕೊಂಡು ಮುಖವನ್ನು ಅಂಗಳದ ಕಡೆ ತಿರುಗಿಸಿದಳು.

“ಅತ್ತೀ. ಆ ನರ್ಸು ಹನಿ ಹಾಕಿದ್ದು ನನಗ ನೆನಪೈತ್ರಿ. ನಮ್ಮ ಉಪ್ಪು ಬೆಳ್ಳಗೇ ಇತ್ತು. ಡಾಕ್ಟರು ಅಂದದ್ದೂ ನೆನಪೈತಿ. ಅವತ್ತು ಕೇಳಿಸ್ತು, ತಿಳಿದಿದ್ದಿಲ್ಲ. ಈಗ ತಿಳೀತು. ನಂದು ಮೊದಲನೇದು ಹೋದಾಗ ಉಪ್ಪು ತೊಳೀತಿದ್ರೇನ್ರಿ?”

ಡಾಕ್ಟರು ಖಾತ್ರಿ ಹೇಳಿಲ್ಲ ಎಂದು ನಡುವೆ ಬಾಯಿ ಹಾಕಬೇಕೆಂದುಕೊಂಡೆ. ಅದು ನಿಜವೂ ಹೌದು. ಅಷ್ಟರಲ್ಲಿ ಅತ್ತೆ ಹೇಳಿದರು.

“ತೊಳೀತಿದ್ದೆ.”

“ಎರಡನೇದು?”

“ಆಗ ಇನ್ನಾ ಚೊಲೋತ್ನಾಗ ತೊಳೀತಿದ್ದೆ. ನಿನ್ನ ಹೊಟ್ಟಿಗೆ ಮಣ್ಣು ಹೋಗಿ ಮೊದಲನೇದು ಹೋತಂತ ತಿಳಕೊಂಡಿದ್ದೆ.”

ಜಂಬಕ್ಕನ ಬಾಯಿ ತೆರೆಯಿತು. ಮೊದಲು ಸದ್ದು ಬರಲಿಲ್ಲ. ಬಂದಮೇಲೆ ನಿಲ್ಲಲಿಲ್ಲ. ನಾಲ್ಕು ವರ್ಷದ ಅಳು ಅದು, ಎರಡು ಹೆಸರಿಡದ ಕೂಸುಗಳದ್ದು. ತೊಗರಿಬೇಳೆಯ ಮೊರ ಬಿತ್ತು. ಪಕೀರಮ್ಮ ಓಡಿ ಬಂದು ಬಾಗಿಲಲ್ಲೇ ಬಾಯಿಗೆ ಸೆರಗು ಒತ್ತಿ ನಿಂತಳು. ಭಾವ ಲಾರಿ ಬಿಟ್ಟು ಬಂದರು, ಕೈಯಲ್ಲಿ ಸ್ಪ್ಯಾನರ್ ಹಾಗೇ ಇತ್ತು. ಅವಳ ಎದುರು ಕೂತು ಅವರೂ ಅಳತೊಡಗಿದರು. ನಾನು ಅವಳ ಬೆನ್ನು ಸವರುತ್ತಿದ್ದೆ, ನನ್ನ ಕಣ್ಣೀರು ಅವಳ ಕೂದಲ ಮೇಲೆ ಬೀಳುತ್ತಿತ್ತು. ಅವಳಿಗೆ ಹೊಸ ಕೂದಲು ಬರುತ್ತಿದೆ.

ಸಂಜೆಗೆ ಜಂಬಕ್ಕ ಸುಸ್ತಾಗಿ ಮಲಗಿದಳು. ಮಲಗುವ ಮುಂಚೆ ಅತ್ತೆಯ ಕಡೆ ನೋಡಲಿಲ್ಲ, ಬೈಯಲೂ ಇಲ್ಲ. ಮುಂದೆ ಏನಾಗುವುದೋ ನನಗೆ ಗೊತ್ತಿಲ್ಲ.

ಅತ್ತೆ ಕೂತಲ್ಲಿಂದ ಕದಲಿರಲಿಲ್ಲ. ಹತ್ತಿರ ಹೋಗಿ ಕೂತೆ. ಮುಖ ಊದಿಕೊಂಡಿತ್ತು, ಒಣಗಿತ್ತು. ಎರಡೂ ಕೈಯಿಂದ ಕಣ್ಣುಗಳನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು.

“ಮೂರನೇ ನೀರು ನಂದ್ರಿ ಅತ್ತೀ,” ಎಂದೆ.

ಅವರು ತಲೆಯಾಡಿಸಿದರು. ಬಹಳ ಹೊತ್ತಾದ ಮೇಲೆ, ಆ ದಪ್ಪ ದನಿಯಲ್ಲಿ ಕೇಳಿದರು.

“ಆಕಿ ಅತ್ಲು. ನೀ ಅತ್ತಿ. ನನ್ನ ಮಗ ಅತ್ತ. ನನಗ ಯಾಕ ಅಳು ಬರವಲ್ದು, ಸೌಜನ್ಯಾ?”

ಅಕ್ಟೋಬರಿನಲ್ಲಿ ನನಗೆ ಹೆದರಿಕೆ ಬಂದಿರಲಿಲ್ಲವಲ್ಲ, ಅದನ್ನು ಹೇಳಿದೆ. ಗುಳಿಗೆ ಶುರುವಾಗಿ ಆರು ವಾರಕ್ಕೆ ಬಂತು ಎಂದೆ. ಬಂದಾಗ ತಡೆಯಲಾಗಲಿಲ್ಲ ಎಂದೂ ಹೇಳಿದೆ, ಮುಚ್ಚಿಡಲಿಲ್ಲ.

28 ಜನವರಿ, ಸೋಮವಾರ

ಬೆಳಗ್ಗೆ ಆರು ಗಂಟೆಗೆ ಅತ್ತೆ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತಿದ್ದರು. ಸ್ನಾನವಾಗಿತ್ತು, ಹಣೆಗೆ ವಿಭೂತಿ ಇತ್ತು. “ಇನ್ನಾ ಏನೂ ತಿಂದಿಲ್ಲ,” ಎಂದು ಅಂಗೈ ಚಾಚಿದರು. ಗುಳಿಗೆ ಇಟ್ಟೆ. ನೀರು ಕುಡಿದು ನುಂಗಿದರು.